ಪದಚರ್ಚೆ: ಯುದ್ಧಭೂಮಿಯ ‘ರೆಸ್ಕ್ಯೂ’ಗೆ ‘ರಕ್ಷಣೆ’ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಯೆಟ್ನಾಂ ಯುದ್ಧದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಶತ್ರುವಿನ ನೆಲದಲ್ಲಿ ಬಿದ್ದ ವಿಮಾನದವರನ್ನು ಹುಡುಕಿ ತರುವ ‘ಕಾಂಬ್ಯಾಟ್ ಸರ್ಚ್ ಅಂಡ್ ರೆಸ್ಕ್ಯೂ’ಗೆ ಕನ್ನಡ ಪದ ಬೇಕಾಗಿದೆ. ಮೊದಲು ‘ರಕ್ಷಣಾ ಕಾರ್ಯಾಚರಣೆ’ ಎಂದೆ. ನೆರೆಯ ಸುದ್ದಿಯಲ್ಲಾದರೆ ಅದು ಸರಿಹೋಗುತ್ತದೆ. ಸೈನ್ಯದ ವಿಷಯದಲ್ಲಿ ‘ರಕ್ಷಣಾ ಇಲಾಖೆ’ಯ ಪಕ್ಕದಲ್ಲೇ ‘ರಕ್ಷಣಾ ತಂಡ’ ಬಂದರೆ ದೇಶ ಕಾಯುವವರು ಯಾರು, ಪೈಲಟ್‌ನನ್ನು ತರಲು ಹೋದವರು ಯಾರು ಎಂದು ಓದುಗರು ತಡವರಿಸುತ್ತಾರೆ.

ನನಗೆ ಹೊಳೆದದ್ದು ‘ಪಾರುಗಾಣಿಸು’. ‘ಪಾರ’ ಎಂದರೆ ಆಚೆಯ ದಡ, ಪಾರುಗಾಣುವುದು ಎಂದರೆ ಅದನ್ನು ಕಾಣುವುದು. ರಕ್ಷಣೆಯನ್ನು ಇದ್ದಲ್ಲೇ ನಿಂತು ಮಾಡಬಹುದು. ಪಾರುಗಾಣಿಸಬೇಕಾದರೆ ಅಪಾಯದೊಳಕ್ಕೆ ಹೋಗಿ ದಾಟಿಸಬೇಕು.

1972ರ ಏಪ್ರಿಲ್ 2ರಂದು ಕ್ವಾಂಗ್ ಟ್ರಿ ಪ್ರಾಂತ್ಯದಲ್ಲಿ ವಿಮಾನ ಉರುಳಿ ಸಿಕ್ಕಿಬಿದ್ದ ಅಮೆರಿಕದ ವಾಯುಪಡೆಯ ಅಧಿಕಾರಿ ಐಸೀಲ್ ಹ್ಯಾಂಬಲ್ಟನ್ ಅವರ ಕಥೆಗೆ ಈ ಮಾತು ಅಕ್ಷರಶಃ ಹೊಂದುತ್ತದೆ. ಅವರನ್ನು ತರಹೋದ ಹೆಲಿಕಾಪ್ಟರೊಂದು ಏಪ್ರಿಲ್ 6ರಂದು ಉರುಳಿ ಅದರಲ್ಲಿದ್ದ 6 ಜನರೂ ಸತ್ತರು. ಆಮೇಲೆ ವಾಯುಪಡೆಯವರು, ಹ್ಯಾಂಬಲ್ಟನ್‌ಗೆ ಬಾಯಿಪಾಠವಾಗಿದ್ದ ಗಾಲ್ಫ್ ಮೈದಾನಗಳ ಗುಂಡಿಗಳನ್ನೇ ರೇಡಿಯೋದಲ್ಲಿ ಹೆಸರಿಸಿ, ಶತ್ರುವಿಗೆ ತಿಳಿಯದಂತೆ, ದಿಕ್ಕು–ದೂರ ಹೇಳುತ್ತ ಅವರನ್ನು ನದಿಯತ್ತ ನಡೆಸಿದರು. ಕೊನೆಗೆ ಅಮೆರಿಕದ ನೌಕಾಪಡೆಯ ಥಾಮಸ್ ನಾರಿಸ್ ಮತ್ತು ದಕ್ಷಿಣ ವಿಯೆಟ್ನಾಮಿನ ಯೋಧ ನ್ಗುಯೆನ್ ವಾನ್ ಕಿಯೆಟ್ ಬೆಸ್ತರ ವೇಷದಲ್ಲಿ ಹೋಗಿ, ದೋಣಿಯ ತಳದಲ್ಲಿ ಮಲಗಿಸಿ ಮೇಲೆ ಸೊಪ್ಪು ಮುಚ್ಚಿ ತಂದರು. ದಡ ಮುಟ್ಟಿಸಿದರು ಎನ್ನಬೇಕು.

ಆದರೆ ಕೆಲಸವೇ ಈಗ ಬೆಳೆದಿದೆ. ಅಮೆರಿಕದ ಸೇನೆ ಇಂದು ‘ಪರ್ಸನೆಲ್ ರಿಕವರಿ’ (ಸಿಬ್ಬಂದಿಯನ್ನು ಮರಳಿ ಪಡೆಯುವುದು) ಎಂಬ ದೊಡ್ಡ ಹೆಸರಿನೊಳಗೆ ಇದನ್ನು ಇಡುತ್ತದೆ. ಪೈಲಟ್ ಮಾತ್ರವಲ್ಲ, ಸಿಕ್ಕಿಹಾಕಿಕೊಂಡ ಯಾರೇ ಆಗಲಿ, ಬಲಪ್ರಯೋಗದಿಂದಲೋ ರಾಜತಂತ್ರದಿಂದಲೋ, ತಂದ ಮೇಲೆ ಮನೆಗೆ, ಕೆಲಸಕ್ಕೆ ಹೊಂದಿಸುವವರೆಗೂ. 2019ರ ಮಾರ್ಚ್ 1ರಂದು ಅಭಿನಂದನ್ ವರ್ಧಮಾನ್ ವಾಘಾ ಗಡಿ ದಾಟಿ ನಡೆದೇ ಬಂದರು. ಅಲ್ಲಿ ಹೆಲಿಕಾಪ್ಟರೂ ಇರಲಿಲ್ಲ, ಹುಡುಕಾಟವೂ ಇರಲಿಲ್ಲ.

ಈ ‘ರಿಕವರಿ’ಗೆ ನಮ್ಮಲ್ಲಿರುವ ‘ವಸೂಲಾತಿ’ ಸಾಲಕ್ಕೆ, ‘ಚೇತರಿಕೆ’ ಕಾಯಿಲೆಗೆ. ‘ಕರೆತರು’ ನನಗೆ ತುಂಬ ಹಿಡಿಸಿದೆ, ಏಕೆಂದರೆ ಅದನ್ನು ಜೀವ ಇರುವವರಿಗಷ್ಟೇ ಹೇಳುತ್ತೇವೆ. ಆದರೆ ಅದರಿಂದ ನಾಮಪದ ಮಾಡಹೊರಟರೆ ‘ಕರೆತರುವಿಕೆ’ ನಾಲಿಗೆಗೆ ಒಗ್ಗುವುದಿಲ್ಲ.

ಸದ್ಯಕ್ಕೆ ‘ರಣರಂಗದ ಶೋಧ–ಪಾರುಗಾಣಿಕೆ’ ಎಂದು ಬರೆದಿಟ್ಟಿದ್ದೇನೆ. ‘ಪರ್ಸನೆಲ್ ರಿಕವರಿ’ಗೆ ಪದ ಸಿಕ್ಕಿಲ್ಲ. ಸೇನೆಯಲ್ಲಿದ್ದು ಬಂದವರು ಬಳಗದಲ್ಲಿದ್ದರೆ ದಯವಿಟ್ಟು ತಿಳಿಸಿ: ಕನ್ನಡಿಗರು ನೀವು ನೀವೇ ಮಾತಾಡುವಾಗ ಇದಕ್ಕೆ ಏನೆನ್ನುತ್ತಿದ್ದಿರಿ?