ಮೆಮ್ನಾನ್ ಹಾಡಿದ್ದು ಯಾಕೆ: ನಮ್ಮ ಮನೆ ಗ್ರೂಪಿನ ಜಗಳ

ಶ್ರೀಧರ ಚಿಕ್ಕಪ್ಪ (ಫಾರ್ವರ್ಡ್ ಆಗಿ ಬಂದದ್ದು): ಸೂರ್ಯ ಹುಟ್ಟುತ್ತಿದ್ದಂತೆ ಹಾಡುತ್ತಿದ್ದ ಕಲ್ಲಿನ ವಿಗ್ರಹ!! ಈಜಿಪ್ಟಿನ ಪೂಜಾರಿಗಳಿಗಷ್ಟೇ ಗೊತ್ತಿದ್ದ ಯಂತ್ರವಿದ್ಯೆ! ರೋಮನ್ನರು ಹೊಟ್ಟೆಕಿಚ್ಚಿಗೆ ಒಡೆದು ರಹಸ್ಯ ಮುಚ್ಚಿಹಾಕಿದರು. ಇವತ್ತಿಗೂ ವಿಜ್ಞಾನದ ಬಳಿ ಉತ್ತರವಿಲ್ಲ. ಎಲ್ಲರಿಗೂ ತಲುಪಿಸಿ.

ದೊಡ್ಡಮ್ಮ: ಅಬ್ಬಾ, ಮೈ ಜುಂ ಅಂತು. ಆಗಿನವರ ಬುದ್ಧಿ ನಮಗೆಲ್ಲಿ ಬರಬೇಕು

ನಾನು: ಚಿಕ್ಕಪ್ಪ, ವಿಗ್ರಹದಿಂದ ದನಿ ಬರ್ತಿದ್ದದ್ದು ನಿಜ. ಉಳಿದದ್ದು ತಲೆಕೆಳಗಾಗಿದೆ. ರೋಮನ್ನರು ಒಡೆದಿಲ್ಲ, ರಿಪೇರಿ ಮಾಡಿದ್ದು.

ಶ್ರೀಧರ ಚಿಕ್ಕಪ್ಪ: ಅಲ್ಲಮ್ಮಾ, ಇಷ್ಟು ಜನ ಓದಿ ಕಳಿಸಿರೋದು ಸುಳ್ಳಾ? ಹಳೇ ಕಾಲದವರು ಏನು ಮಾಡಿದರೂ ನಿಮಗೆ ನಂಬಿಕೆ ಇಲ್ಲ, ಅಷ್ಟೇ.

ನಾನು: ಅವರ ಮೇಲೆ ಗೌರವ ಇರೋದಕ್ಕೇ ಹೇಳ್ತಿದ್ದೀನಿ. ಲಕ್ಸರ್ ಊರಿನ ಎದುರು, ನೈಲ್ ನದಿಯ ಪಶ್ಚಿಮ ದಡದಲ್ಲಿ, ಮೆಮ್ನಾನ್ ವಿಗ್ರಹ ಅಂತ ಕರೆಯೋ ಎರಡು ಕೂತ ವಿಗ್ರಹ ಇವೆ. ಸುಮಾರು 18 ಮೀಟರ್ ಎತ್ತರ. ಎರಡೂ ಮೂರನೇ ಅಮೆನ್‌ಹೋಟೆಪ್ ದೊರೆಯವು, 3,300 ವರ್ಷಕ್ಕಿಂತ ಹಳೆಯವು. ಕ್ರಿ.ಪೂ. 27ರ ಭೂಕಂಪದಲ್ಲಿ ಉತ್ತರದ ವಿಗ್ರಹದ ಮೇಲ್ಭಾಗ ಕುಸಿದು, ಕೆಳಗಿನದು ಬಿರುಕು ಬಿಡ್ತು ಅಂತಾರೆ. ದನಿಯ ಸುದ್ದಿ ಶುರುವಾಗೋದೇ ಅದಾದ ಮೇಲೆ. ಯಂತ್ರವಿದ್ಯೆ ಆಗಿದ್ದರೆ ಮುರಿದ ಮೇಲೆ ಯಾಕೆ ಹಾಡಬೇಕು?

ಪ್ರಮೋದ: ಯಾರೋ ಹಿಂದೆ ನಿಂತು ಕಲ್ಲು ಕುಟ್ಟಿರ್ತಾರೆ ಬಿಡು

ನಾನು: ಗ್ರೀಕ್ ಭೂಗೋಳಜ್ಞ ಸ್ಟ್ರಾಬೊಗೂ ಇದೇ ಅನುಮಾನ ಬಂದಿತ್ತು ಪ್ರಮೋದ. ಭೂಕಂಪ ಆಗಿ ಕೆಲವೇ ವರ್ಷಕ್ಕೆ ಅಲ್ಲಿಗೆ ಹೋಗಿದ್ದ. ಮೆಲ್ಲಗೆ ಏಟು ಬಿದ್ದಂಥ ಸದ್ದು ಕೇಳಿಸ್ತು, ಪೀಠದಿಂದ ಬಂತೋ ವಿಗ್ರಹದಿಂದ ಬಂತೋ ಸುತ್ತ ನಿಂತವರೇ ಮಾಡಿದರೋ ಹೇಳಲಾರೆ ಅಂತ ಬರೆದ. ಆದರೆ ಆಮೇಲೆ ಇನ್ನೂರು ವರ್ಷ ಜನ ಕೇಳ್ತಾ ಹೋದರು. ಪೌಸೇನಿಯಸ್ ಅನ್ನೋ ಗ್ರೀಕ್ ಪ್ರವಾಸಿಗೆ ತಂತಿವಾದ್ಯದ ತಂತಿ ಕಡಿದ ಹಾಗೆ ಕೇಳಿಸ್ತಂತೆ. ಈಗ ಹೆಚ್ಚಿನವರು ಒಪ್ಪೋ ಕಾರಣ ಇಷ್ಟು: ರಾತ್ರಿಯ ಇಬ್ಬನಿ ಬಿರುಕಿನೊಳಗೆ ಇಳಿಯುತ್ತೆ, ಎಳೆಬಿಸಿಲು ತಾಗಿದ ಕೂಡಲೇ ಕಲ್ಲು ಕಾದು ಆ ತೇವ ಆವಿಯಾಗುತ್ತೆ, ಆಗ ಕಲ್ಲು ದನಿ ಮಾಡುತ್ತೆ. ಅದಕ್ಕೇ ಬೆಳಗಿನ ಹೊತ್ತು.

ದೊಡ್ಡಮ್ಮ: ಇಬ್ಬನಿ, ಆವಿ. ಎಲ್ಲಾ ಹೀಗೆ ಬಿಡಿಸಿ ಇಟ್ಟುಬಿಟ್ಟರೆ ಇನ್ನೇನು ಉಳಿಯುತ್ತೆ ಮಗಳೇ?

ನಾನು: ದೊಡ್ಡಮ್ಮಾ, ಉಳಿದಿರೋದನ್ನ ಹೇಳ್ತೀನಿ ಕೇಳಿ. ಆ ವಿಗ್ರಹದ ಕಾಲಿನ ಮೇಲೆ, ದನಿ ಕೇಳೋಕೆ ಹೋದವರು ಗ್ರೀಕ್, ಲ್ಯಾಟಿನ್‌ನಲ್ಲಿ ಕೆತ್ತಿಸಿದ ನೂರಕ್ಕೂ ಹೆಚ್ಚು ಬರಹ ಇವೆ. ಕ್ರಿ.ಶ. 130ರಲ್ಲಿ ರೋಮಿನ ಚಕ್ರವರ್ತಿ ಹೇಡ್ರಿಯನ್, ಹೆಂಡತಿ ಸಬೀನಾ ಹೋಗಿದ್ದರು. ಜೊತೆಗೆ ಜೂಲಿಯಾ ಬಾಲ್ಬಿಲ್ಲಾ ಅನ್ನೋ ಕವಯಿತ್ರಿ. ಮೊದಲ ದಿನ ಕಲ್ಲು ಬಾಯೇ ಬಿಡಲಿಲ್ಲ. ಆಮೇಲೆ ಕೇಳಿಸ್ತು. ಆಕೆ ಬರೆದ ನಾಲ್ಕು ಪದ್ಯ ಇವತ್ತೂ ಆ ಕಾಲಿನ ಮೇಲಿವೆ. ಗ್ರೀಕರಿಗೆ ಆ ವಿಗ್ರಹ ಅಮೆನ್‌ಹೋಟೆಪ್ ಅಲ್ಲ, ಮೆಮ್ನಾನ್. ಮುಂಜಾವಿನ ದೇವತೆಯ ಮಗ, ಟ್ರಾಯ್ ಯುದ್ಧದಲ್ಲಿ ಸತ್ತವನು. ದಿನಾ ಬೆಳಗ್ಗೆ ತಾಯಿ ಬಂದಾಗ ಮಾತಾಡಿಸ್ತಾನೆ ಅಂತ ನಂಬಿದ್ದರು. ಸತ್ತ ಮಗನಿಗಾಗಿ ಆ ತಾಯಿ ಸುರಿಸೋ ಕಣ್ಣೀರೇ ಲೋಕದ ಮೇಲೆ ಬೀಳೋ ಇಬ್ಬನಿ ಅಂತ ರೋಮಿನ ಕವಿ ಓವಿಡ್ ಬರೆದಿದ್ದಾನೆ. ಅದೇ ಇಬ್ಬನಿ ದೊಡ್ಡಮ್ಮಾ. ಕಾರಣ ಗೊತ್ತಾದ ದಿನ ನನಗೆ ಕಣ್ಣು ತುಂಬಿ ಬಂತು.

ದೊಡ್ಡಮ್ಮ: ಅಯ್ಯೋ ಕಂದಾ

ಶ್ರೀಧರ ಚಿಕ್ಕಪ್ಪ: ಅದು ಹೋಗಲಿ. ಹಂಪಿ ವಿಠ್ಠಲ ದೇವಸ್ಥಾನದ ಸಂಗೀತದ ಕಂಬ? ಒಳಗೆ ಟೊಳ್ಳು ಮಾಡಿ ಏನೋ ತುಂಬಿದ್ದಾರೆ ಅಂತ ಎಲ್ಲರೂ ಹೇಳ್ತಾರೆ.

ನಾನು: ಟೊಳ್ಳಲ್ಲ ಚಿಕ್ಕಪ್ಪ. ಕಲ್ಪಾಕ್ಕಂನ ಇಂದಿರಾ ಗಾಂಧಿ ಅಣು ಸಂಶೋಧನಾ ಕೇಂದ್ರದವರು ಕಂಬಕ್ಕೆ ಗಾಯ ಮಾಡದೆ ಪರೀಕ್ಷಿಸಿ, 2008ರಲ್ಲಿ ಪ್ರಕಟಿಸಿದ್ದಾರೆ. ಗಟ್ಟಿ ಕಲ್ಲು. ತಟ್ಟಿದಾಗ ಸಣ್ಣ ಕಂಬ ಬಾಗಿ ಅದುರುತ್ತೆ, ಉದ್ದ ದಪ್ಪಕ್ಕೆ ತಕ್ಕ ಹಾಗೆ ಸ್ವರ ಬದಲಾಗುತ್ತೆ. ಉಳಿ ಹಿಡಿದವನ ಕಿವಿ ಎಂಥದ್ದಿರಬೇಕು! ಟೊಳ್ಳು ಅಂದರೆ ಆ ಶಿಲ್ಪಿಗೇ ಅನ್ಯಾಯ. ತಟ್ಟಿ ತಟ್ಟಿ ಹಾಳು ಮಾಡಿದ್ದಕ್ಕೇ ಈಗ ಮುಟ್ಟೋಕೂ ಬಿಡಲ್ಲ.

ಶ್ರೀಧರ ಚಿಕ್ಕಪ್ಪ: ನಾನೂ ಹೊಡೆದಿದ್ದೆ ಕಣಮ್ಮಾ. ನಾಣ್ಯದಲ್ಲಿ. ಹುಡುಗ ಆಗಿದ್ದೆ, ಬೇಡ ಅನ್ನೋರು ಯಾರೂ ಇರಲಿಲ್ಲ. ಈಗ ಹೊಟ್ಟೆ ಉರಿಯುತ್ತೆ.

ಶ್ರೀಧರ ಚಿಕ್ಕಪ್ಪ: ಆ ಮೆಮ್ನಾನ್‌ನ ರಿಪೇರಿ ಮಾಡಿಸಿದ್ದು ಯಾರು ಅಂದೆ?

ನಾನು: ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್ ಅನ್ನೋದು ರೂಢಿ. ಕ್ರಿ.ಶ. 200ರ ಆಸುಪಾಸು. ಬಿದ್ದುಹೋದ ಮೇಲ್ಭಾಗವನ್ನ ಕಲ್ಲಿನ ದಿಮ್ಮಿ ಪೇರಿಸಿ ಕಟ್ಟಿಸಿದ. ದನಿ ನಿಂತುಹೋಯ್ತು.

ಶ್ರೀಧರ ಚಿಕ್ಕಪ್ಪ: ಪಾಪ. ಒಳ್ಳೇದಾಗಲಿ ಅಂತಲೇ ಮಾಡಿಸಿರ್ತಾನೆ.

ಶ್ರೀಧರ ಚಿಕ್ಕಪ್ಪ: ಆ ಮೆಸೇಜ್ ಇನ್ನೂ ಎರಡು ಗ್ರೂಪಿಗೆ ಕಳಿಸಿದ್ದೆ. ನೀನು ಬರೆದದ್ದನ್ನ ಅಲ್ಲಿಗೂ ಹಾಕ್ತೀನಿ.

ದೊಡ್ಡಮ್ಮ: ಆ ಹೆಣ್ಣುಮಗಳು ಪದ್ಯ ಕೆತ್ತಿಸಿದ ಕಾಲಿನ ಫೋಟೊ ಇದ್ದರೆ ಹಾಕು ಮಗಳೇ, ದೊಡ್ಡದಾಗಿ ಕಾಣೋ ಹಾಗೆ