ಹಳೆಯ ಮಿಯಾಟಾ ಕಾರಿನ ಒಳಭಾಗ ಸರಿಪಡಿಸುವುದು ಹೇಗೆ? ಮಾಡಿದವರ ಅನುಭವ

ಪ್ರಶ್ನೆ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ನನ್ನ ಬಳಿ 1995ರ ಮಾಜ್ದಾ ಮಿಯಾಟಾ ಇದೆ, ಛಾವಣಿ ಮಡಚುವ ಎರಡು ಸೀಟಿನ ಕಾರು. ಎಂಜಿನ್ ಗಟ್ಟಿಯಾಗಿದೆ, ಹೊರಗಿನ ಬಣ್ಣವೂ ಪರವಾಗಿಲ್ಲ. ಒಳಗೆ ಕುಳಿತಾಗ ಮಾತ್ರ ಮನಸ್ಸಿಗೆ ಕಸಿವಿಸಿ. ಚಾಲಕನ ಸೀಟಿನ ಚರ್ಮ ಬಾಗಿಲ ಕಡೆಯ ಅಂಚಿನಲ್ಲಿ ಬಿರುಕು ಬಿಟ್ಟಿದೆ, ಬಾಗಿಲ ಒಳಹಲಗೆಯ ಕೆಳಭಾಗ ಉಬ್ಬಿದೆ, ಗೇರ್ ಸುತ್ತಲಿನ ಕಪ್ಪು ಪ್ಲಾಸ್ಟಿಕ್ ಬೂದುಬಣ್ಣಕ್ಕೆ ತಿರುಗಿದೆ. ಎಲ್ಲವನ್ನೂ ಹೊಸದಾಗಿ ಕೊಳ್ಳುವಷ್ಟು ಹಣವಿಲ್ಲ. ಕೈಯಾರೆ ಮಾಡಿದವರು ದಯವಿಟ್ಟು ತಿಳಿಸಿ, ಎಲ್ಲಿಂದ ಆರಂಭಿಸಬೇಕು?

ಸಿಯಾಟಲ್‌ನಿಂದ

ಬಣ್ಣ, ಚರ್ಮ ಎಲ್ಲ ಆಮೇಲೆ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ. ಬಾಗಿಲ ಹಲಗೆ ಉಬ್ಬುವುದು ವಯಸ್ಸಾದ್ದರಿಂದಲ್ಲ, ತೇವ ಹಿಡಿದದ್ದರಿಂದ. 1989ರಿಂದ 1997ರವರೆಗೆ ಬಂದ ಈ ಮೊದಲ ಪೀಳಿಗೆಯ ಕಾರುಗಳಲ್ಲಿ ಆ ಹಲಗೆ ಮರದ ನಾರನ್ನು ಒತ್ತಿ ಮಾಡಿದ್ದು. ಮೇಲೆ ರೆಕ್ಸಿನ್ ಹೊದಿಕೆ. ಗಾಜಿನ ಮೇಲೆ ಬಿದ್ದ ಮಳೆನೀರು ಬಾಗಿಲಿನೊಳಗೆ ಇಳಿದು ತಳದ ತೂತುಗಳಿಂದ ಹೊರಗೆ ಹೋಗುತ್ತದೆ. ಅದು ಹಲಗೆಗೆ ತಾಗದಿರಲೆಂದು ನಡುವೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಹಿಂದೆ ಯಾರೋ ಸ್ಪೀಕರ್ ಬದಲಿಸುವಾಗಲೋ ಕಿಟಕಿ ದುರಸ್ತಿ ಮಾಡುವಾಗಲೋ ಆ ಹಾಳೆಯನ್ನು ಹರಿದು ಬಿಸಾಡಿರುತ್ತಾರೆ. ನಾನು ಬಿಚ್ಚಿ ನೋಡಿದ ಬಾಗಿಲುಗಳಲ್ಲಿ ಹೆಚ್ಚಿನವುಗಳ ಕಥೆ ಇದೇ. ದಪ್ಪ ಪಾಲಿಥೀನ್ ಹಾಳೆಯನ್ನು ಅಳತೆಗೆ ಕತ್ತರಿಸಿ, ಬ್ಯುಟೈಲ್ ಎಂಬ ಒಣಗದ ರಬ್ಬರ್ ಅಂಟುಪಟ್ಟಿಯಿಂದ ಸುತ್ತಲೂ ಅಂಟಿಸಿ. ಕೆಳಅಂಚು ಬಾಗಿಲಿನ ಒಳಕ್ಕೆ ಇಳಿದಿರಲಿ; ಆಗ ನೀರು ಒಳಗಡೆಯೇ ತೊಟ್ಟಿಕ್ಕುತ್ತದೆ.

ಉಬ್ಬಿದ ಹಲಗೆಯನ್ನು ಒತ್ತಿ ಮಟ್ಟ ಮಾಡುವ ಪ್ರಯತ್ನ ಬೇಡ. ಅದನ್ನೇ ಅಚ್ಚಾಗಿಟ್ಟುಕೊಂಡು 3 ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆಯಲ್ಲಿ ಹೊಸದನ್ನು ಕತ್ತರಿಸಿಕೊಂಡರೆ ಮತ್ತೆಂದೂ ನೀರು ಕುಡಿಯುವುದಿಲ್ಲ. ಹಳೆಯ ರೆಕ್ಸಿನ್ ಹರಿಯದೆ ಬಿಡಿಸಿಕೊಂಡು ಬಂದರೆ ಅದನ್ನೇ ಮರಳಿ ಅಂಟಿಸಬಹುದು. ಕಿಟಕಿ ಕೈಯಿಂದ ತಿರುಗಿಸುವಂಥದ್ದಾದರೆ ಹಿಡಿಕೆಯ ಹಿಂದೆ ಲಾಳದಾಕಾರದ ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಬಟ್ಟೆಯ ತುಂಡನ್ನು ಹಿಡಿಕೆಯ ಹಿಂದೆ ತೂರಿಸಿ ಆಚೀಚೆ ಎಳೆದರೆ ಕ್ಲಿಪ್ ಹೊರಬರುತ್ತದೆ. ಊರಿನಲ್ಲಿ ಮಾರುತಿ 800ರ ಬಾಗಿಲು ಬಿಚ್ಚುವುದನ್ನು ನೋಡಿದವರಿಗೆ ಈ ಉಪಾಯ ಗೊತ್ತಿರುತ್ತದೆ.

ಸೀಟುಗಳ ಹಿಂದಿನ ನೆಲಹಾಸನ್ನೂ ಒತ್ತಿ ನೋಡಿ. ಮಡಚುವ ಛಾವಣಿಯ ನೀರು ಎರಡೂ ಬದಿಯ ಕೊಳವೆಗಳ ಮೂಲಕ ಕೆಳಗೆ ಹೋಗಬೇಕು. ಎಲೆ, ಮಣ್ಣು ಸೇರಿ ಅವು ಕಟ್ಟಿಕೊಂಡರೆ ನೆಲಹಾಸು ನೆನೆಯುತ್ತದೆ, ಬಾಗಿಲ ಕೆಳಗಿನ ತಗಡು ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರವನ್ನು ಮೇಲಿನಿಂದ ಮೆಲ್ಲಗೆ ತೂರಿಸಿ ಬಿಡಿಸಿ. ಇಷ್ಟಾಗದೆ ಸೀಟಿಗೆ ಒಂದು ಡಾಲರ್ ಕೂಡ ಖರ್ಚು ಮಾಡಬೇಡಿ.

ಫೀನಿಕ್ಸ್‌ನಿಂದ

ನಮ್ಮಲ್ಲಿ ಮಳೆಯ ಚಿಂತೆಯಿಲ್ಲ, ಬಿಸಿಲಿನದೇ ಚಿಂತೆ. ಹಾಗಾಗಿ ಪ್ಲಾಸ್ಟಿಕ್ ವಿಷಯ ನಾನು ಹೇಳುತ್ತೇನೆ.

ಬೂದುಬಣ್ಣ ಎಂದು ನಿಮಗೆ ಕಾಣುವುದರಲ್ಲಿ ಬಹುಪಾಲು ಹಳೆಯ ಪಾಲಿಶ್ ಮತ್ತು ಧೂಳು ಸೇರಿದ ಪದರವಾಗಿರಬಹುದು. ತೆಳುವಾದ ಸಾಬೂನು ನೀರು, ಮೆತ್ತನೆಯ ಬ್ರಷ್ ಹಿಡಿದು ತೊಳೆದು, ಒಣಗಿಸಿ, ಹಗಲು ಬೆಳಕಿನಲ್ಲಿ ನೋಡಿ. ಆಮೇಲೂ ಬೂದಾಗಿದ್ದರೆ ಬಣ್ಣದ ಮಾತು. ಬಿಸಿಗಾಳಿಯ ಗನ್ ಹಿಡಿದರೆ ಕಪ್ಪು ಮರಳುತ್ತದೆ ಎಂದು ತೋರಿಸುವ ವಿಡಿಯೊಗಳನ್ನು ನಂಬಬೇಡಿ. ಆ ಕಪ್ಪು ಹೆಚ್ಚು ಕಾಲ ನಿಲ್ಲುವುದಿಲ್ಲ, ಮೇಲ್ಮೈಯ ಒರಟು ವಿನ್ಯಾಸ ಮಾತ್ರ ಶಾಶ್ವತವಾಗಿ ಕರಗಿಹೋಗುತ್ತದೆ.

ಬಣ್ಣ ಹೊಡೆಯುವ ಮೊದಲು ಭಾಗವನ್ನು ಬಿಚ್ಚಿ ಹಿಂಬದಿ ನೋಡಿ. ಪ್ಲಾಸ್ಟಿಕ್ ಯಾವ ಬಗೆಯದು ಎಂದು ತಿಳಿಸುವ ಎಬಿಎಸ್ (ABS) ಅಥವಾ ಪಿಪಿ (PP) ಎಂಬ ಅಕ್ಷರಗಳು ಅಚ್ಚೊತ್ತಿರುತ್ತವೆ. ಎಬಿಎಸ್ ಆದರೆ ಕೆಲಸ ಸುಲಭ: ಬಣ್ಣ ಹಿಡಿಯುತ್ತದೆ, ಭಾಗವನ್ನು ಸಿಕ್ಕಿಸುವ ಮುರಿದ ಕಿವಿಗಳನ್ನೂ ಜೋಡಿಸಬಹುದು. ಅದೇ ಪ್ಲಾಸ್ಟಿಕ್‌ನ ಚೂರುಗಳನ್ನು ಅಸಿಟೋನ್‌ನಲ್ಲಿ ಕರಗಿಸಿ, ಗಂಜಿಯಂತಾದ ಆ ಅಂಟನ್ನು ಹಿಂಬದಿಯಿಂದ ಹಚ್ಚಿ ಗಟ್ಟಿಯಾಗಲು ಬಿಡಿ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಪಿಪಿ ಆದರೆ ಅಸಿಟೋನ್‌ಗೆ ಜಗ್ಗುವುದಿಲ್ಲ. ಬಣ್ಣವೂ ಹಾಗೆಯೇ ನಿಲ್ಲುವುದಿಲ್ಲ. ಬಣ್ಣ ಹಿಡಿಸುವ ಪ್ರೈಮರ್ ಮೊದಲು ಬೇಕು. ನಾನು ಬಳಸಿದ್ದು ಎಸ್‌ಇಎಂ ಕಂಪನಿಯ ಕಲರ್ ಕೋಟ್ ಎಂಬ ಸ್ಪ್ರೇ ಬಣ್ಣ. ತೆಳ್ಳಗೆ ಹಲವು ಪದರ ಹೊಡೆಯಿರಿ. ದಪ್ಪ ಪದರ ಒರಟು ವಿನ್ಯಾಸವನ್ನು ಮುಚ್ಚಿಬಿಡುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಅಮೆರಿಕದ ಮಿಯಾಟಾಗಳಿಗೆ 1994ರಿಂದ ಪಕ್ಕದ ಸೀಟಿನ ಕಡೆಗೂ ಏರ್‌ಬ್ಯಾಗ್ ಬಂತು. ನಿಮ್ಮ ಕಾರಿನಲ್ಲಿ ಅದು ಇರುತ್ತದೆ. ಅದರ ಮುಚ್ಚಳಕ್ಕಾಗಲಿ ಸ್ಟಿಯರಿಂಗ್ ನಡುವಿನ ಮುಚ್ಚಳಕ್ಕಾಗಲಿ ಬಣ್ಣ, ಅಂಟು, ಹೊದಿಕೆ ಯಾವುದೂ ಬೇಡ. ಒರೆಸಿ ಬಿಟ್ಟುಬಿಡಿ.

ಬೆಂಗಳೂರಿನಿಂದ

ನಮ್ಮದು ಜೆ.ಸಿ. ರಸ್ತೆಯ ಹತ್ತಿರ ಕಾರಿನ ಸೀಟು ಹೊಲಿಯುವ ಕೆಲಸ. ಈ ಕಾರು ನಮ್ಮ ಕೈಗೆ ಬಂದಿಲ್ಲ, ಆದರೆ ನೀವು ಹೇಳಿದ ಬಿರುಕು ದಿನವೂ ನೋಡುವಂಥದ್ದು. ಕಾರು ನೆಲಮಟ್ಟಕ್ಕಿದ್ದಷ್ಟೂ ಹತ್ತುವಾಗ ಇಳಿಯುವಾಗ ತೊಡೆ ಆ ಅಂಚನ್ನು ಉಜ್ಜುತ್ತದೆ. ಒಳಗಿನ ಫೋಮ್ ಪುಡಿಯಾಗಿ ಕುಸಿದಿರುತ್ತದೆ, ಮೇಲಿನ ಚರ್ಮ ಸಡಿಲವಾಗಿ ಮಡಿಕೆ ಬೀಳುತ್ತದೆ, ಮಡಿಕೆಯೇ ಬಿರುಕಾಗುತ್ತದೆ. ಫೋಮ್ ಸರಿಪಡಿಸದೆ ಮೇಲೆ ಎಷ್ಟೇ ಬಣ್ಣ ಹಚ್ಚಿದರೂ ಅದೇ ಜಾಗದಲ್ಲಿ ಮತ್ತೆ ಸೀಳುತ್ತದೆ. ಕವರ್ ಬಿಚ್ಚಿ, ಕುಸಿದ ಭಾಗ ಕತ್ತರಿಸಿ, ಗಟ್ಟಿ ಫೋಮ್ ತುಂಡು ಅಂಟಿಸಿ, ಹಳೆಯ ಆಕಾರ ಬರುವವರೆಗೆ ತೀಡಿ.

ಚರ್ಮ ಆರಪಾರ ಹರಿದಿಲ್ಲವಾದರೆ ಕವರ್ ಬದಲಿಸಬೇಕಿಲ್ಲ. ಚರ್ಮದ ಕ್ಲೀನರ್‌ನಿಂದ ಎಣ್ಣೆ ಜಿಡ್ಡು ತೆಗೆಯಿರಿ, ನಯವಾದ ಸ್ಯಾಂಡ್ ಪೇಪರ್‌ನಿಂದ ಬಿರುಕಿನ ಅಂಚುಗಳನ್ನು ಸವರಿ, ಬಾಗುವ ಗುಣದ ಚರ್ಮದ ಫಿಲ್ಲರ್ ತುಂಬಿ. ಆಮೇಲೆ ನೀರಿನಲ್ಲಿ ಕಲಸುವ ಚರ್ಮದ ಬಣ್ಣ, ಕೊನೆಗೆ ರಕ್ಷಣೆಯ ಮೇಲ್ಪದರ. ಕಾಣದ ಮೂಲೆಯಲ್ಲಿ ಬಣ್ಣ ಹಚ್ಚಿ, ಒಣಗಿದ ಮೇಲೆ ಹೊಂದಿಕೆ ನೋಡಿ. ಆರಪಾರ ಹರಿದಿದ್ದರೆ ಆ ಒಂದು ತುಂಡನ್ನು ಮಾತ್ರ ಬಿಚ್ಚಿ, ಅದರ ಅಳತೆಗೇ ಹೊಸ ಚರ್ಮ ಕತ್ತರಿಸಿ ಹೊಲಿಸಿ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್‌ನದೇ ಆಗಬೇಕು. ಹತ್ತಿಯ ದಾರ ಬೆವರಿಗೂ ಬಿಸಿಲಿಗೂ ಲಡ್ಡಾಗುತ್ತದೆ. ಕೊಬ್ಬರಿ ಎಣ್ಣೆ, ಬೂಟ್ ಪಾಲಿಶ್ ಹಚ್ಚಬೇಡಿ. ಒಂದು ವಾರ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿಯುತ್ತದೆ, ಬಟ್ಟೆಗೂ ಹತ್ತುತ್ತದೆ, ಮುಂದೆ ಬಣ್ಣ ಹಚ್ಚಿದರೆ ನಿಲ್ಲುವುದಿಲ್ಲ.

ಸ್ಟುಟ್‌ಗಾರ್ಟ್‌ನಿಂದ

ಇದು ನಿಮ್ಮ ಕಾರಿಗಲ್ಲ, 90ರ ದಶಕದ ಕೊನೆಯ ಮತ್ತು ಆಮೇಲಿನ ಕಾರುಗಳವರಿಗೆ. ಫೆರಾರಿ 360ಯಂಥ ಕಾರುಗಳ ಒಳಗಿನ ಗುಂಡಿಗಳು ಬೆಲ್ಲದ ಪಾಕ ಮೆತ್ತಿದಂತೆ ಅಂಟುವುದನ್ನು ನೋಡಿರುತ್ತೀರಿ. ಮೇಲೆ ಹಚ್ಚಿದ ಮೆತ್ತನೆಯ ಪದರ ಗಾಳಿಯ ತೇವಕ್ಕೆ ಒಡೆದು ಹಾಗಾಗುತ್ತದೆ. ಮಂಗಳೂರಿನಂಥ ಕಡೆ ಬೇಗ. ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಮೈಕ್ರೋಫೈಬರ್ ಬಟ್ಟೆಯಿಂದ ತಾಳ್ಮೆಯಿಂದ ಒರೆಸಿದರೆ ಪದರ ಹೋಗಿ ಗಟ್ಟಿ ಪ್ಲಾಸ್ಟಿಕ್ ಉಳಿಯುತ್ತದೆ. ಗುಂಡಿಗಳ ಮೇಲಿನ ಚಿಹ್ನೆಗಳೂ ಅದರೊಂದಿಗೆ ಅಳಿಸಿಹೋಗಬಹುದು, ಫೋಟೊ ತೆಗೆದಿಟ್ಟುಕೊಳ್ಳಿ.

ಮತ್ತೆ ಫ್ರೀಮಾಂಟ್‌ನಿಂದ

ಎಲ್ಲರಿಗೂ ಕೃತಜ್ಞತೆಗಳು. ನೆಲಹಾಸು ಒತ್ತಿ ನೋಡಿದೆ, ಬಲಬದಿ ತೇವವಾಗಿದೆ. ಸೀಟು ಹೊರತೆಗೆಯುವಾಗ ಗಮನಿಸಬೇಕಾದ್ದು ಏನಾದರೂ ಇದೆಯೇ?

ಸಿಯಾಟಲ್‌ನಿಂದ

ಪ್ರತಿ ಸೀಟಿಗೆ ನಾಲ್ಕು ಬೋಲ್ಟ್. ತಲೆಯೊರಗುವಲ್ಲಿ ಸ್ಪೀಕರ್ ಇದ್ದರೆ ಸೀಟಿನ ಕೆಳಗೆ ವೈರಿನ ಜೋಡಣೆ ಇರುತ್ತದೆ; ಎತ್ತುವ ಮೊದಲು ಅದನ್ನು ಬಿಡಿಸಿ. ನೆಲಹಾಸಿನ ಅಡಿಯ ದಪ್ಪ ಪದರ ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ, ಅದನ್ನು ಪೂರ್ತಿ ಹೊರಗೆ ತಂದು ಬಿಸಿಲಿಗೆ ಹಾಕಿ. ಬರಿದಾದ ನೆಲದ ತಗಡಿನಲ್ಲಿ ತುಕ್ಕು ಕಂಡರೆ ಅಲ್ಲೇ ಕೆರೆದು ಪ್ರೈಮರ್ ಹಚ್ಚಿಬಿಡಿ. ಬಲಬದಿಯ ಕೊಳವೆಯಿಂದ ಒಂದು ಚೊಂಬು ನೀರು ಹನಿ ಸೋರದೆ ಹೊರಬಂದ ಮೇಲೆಯೇ ನೆಲಹಾಸು ಮರಳಿ ಹಾಸಿ.