ಪದಚರ್ಚೆ: ಪುಟ್ಟ ಕ್ಯಾಂಪರ್ ಗಾಡಿಯ ಬಚ್ಚಲು, ಕಕ್ಕಸು, ಸಂಪು

ಗೆಳೆಯರೇ, ನಮಸ್ಕಾರ.

ನನ್ನ ತಮ್ಮನ ಮಗ ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಕ್ಯಾಂಪರ್ ಟ್ರೇಲರ್ ಒಂದನ್ನು ತಾನೇ ಮಾಡುತ್ತಿದ್ದಾನೆ. ಮಲಗುವ ಜಾಗ ಆಗಿದೆ, ಒಂದು ಚಿಕ್ಕ ಅಡುಗೆಕಟ್ಟೆಯೂ ಆಗಿದೆ. ಈಗ ಅದರೊಳಗೆ ಶವರ್ ಮತ್ತು ಟಾಯ್ಲೆಟ್ ಸೇರಿಸಬೇಕು. ಅವನು ಓದಿಕೊಂಡಿರುವುದೆಲ್ಲ ಅಮೆರಿಕ, ಆಸ್ಟ್ರೇಲಿಯಾದವರು ಬರೆದದ್ದು. ಕೆಲಸ ಮಾಡುವವರು ಕಾಮಾಕ್ಷಿಪಾಳ್ಯದ ವೆಲ್ಡರ್, ನಾಗರಬಾವಿಯ ಪ್ಲಂಬರ್. 'ನಕ್ಷೆಯಲ್ಲಿ ಎಲ್ಲದಕ್ಕೂ ಕನ್ನಡದಲ್ಲಿ ಹೆಸರು ಬರೆದುಕೊಡಿ ದೊಡ್ಡಪ್ಪ' ಅಂತ ನನಗೆ ವಹಿಸಿದ್ದಾನೆ. ಮುಂದೆ ಇದೇ ಟಿಪ್ಪಣಿಯನ್ನು ಬೇರೆಯವರಿಗೂ ಕೊಡುವ ಆಸೆ ಅವನಿಗಿದೆ. ಹಾಗಾಗಿ ಹೆಸರು ಸರಿಯಾಗಿರಬೇಕು. ಕೆಲವು ಪದ ತಾನಾಗಿ ಸಿಕ್ಕಿತು, ಕೆಲವು ಕಾಡುತ್ತಿವೆ. ಎರಡನ್ನೂ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಆ ಕೋಣೆಯ ಹೆಸರು. ಕೋಣೆ ಅಂದರೆ ಎರಡೂವರೆ ಅಡಿ ಅಗಲ, ಮೂರಡಿ ಉದ್ದ, ಅಷ್ಟೆ. ಅದರಲ್ಲೇ ಕೂರುವ ಸೀಟು, ಅದರ ಮೇಲೇ ಶವರ್. ಸ್ನಾನ ಮಾಡಿದರೆ ಸೀಟು, ಗೋಡೆ, ನೆಲ ಎಲ್ಲ ನೆನೆಯುತ್ತದೆ. ಇದಕ್ಕೆ ಅಲ್ಲಿಯವರು 'ವೆಟ್ ಬಾತ್' ಅನ್ನುತ್ತಾರೆ. ದೊಡ್ಡ ಗಾಡಿಗಳಲ್ಲಿ ಸ್ನಾನಕ್ಕೆ ಬೇರೆ ಗೂಡು ಇರುತ್ತದೆ, ಉಳಿದ ನೆಲ ಒಣಗಿರುತ್ತದೆ. ಅದು 'ಡ್ರೈ ಬಾತ್'. ಇದನ್ನು 'ಒದ್ದೆ ಸ್ನಾನಗೃಹ' ಅಂತ ಬರೆದರೆ ನಮ್ಮವರಿಗೆ ಏನೂ ಹೊಳೆಯುವುದಿಲ್ಲ. ನಮ್ಮ ಮನೆಗಳಲ್ಲಿ ಒದ್ದೆಯಾಗದ ಬಚ್ಚಲು ಎಲ್ಲಿದೆ? ಆ 'ಒದ್ದೆ' ಅನ್ನುವ ಮಾತು ಅವರಿಗೆ ಬೇಕು, ನಮಗೆ ಬೇಡ. ಅದನ್ನು ಕೈಬಿಡುವುದೇ ಸರಿ ಅನ್ನಿಸಿದೆ.

ಆದರೆ ಬಚ್ಚಲು ಅಂದರೆ ಸಾಕೇ? ಬಚ್ಚಲು ಅನ್ನುವುದು ಮೂಲದಲ್ಲಿ ಕೋಣೆಯ ಹೆಸರಲ್ಲ, ಬಳಸಿದ ನೀರು ಹರಿದು ಹೋಗುವ ಜಾಗದ ಹೆಸರು. 'ಅವನ ಬಾಯಿ ಬಚ್ಚಲು' ಅಂತ ಬೈಯುವಾಗ ನಾವು ಸ್ನಾನದ ಕೋಣೆಯನ್ನು ನೆನೆಯುವುದಿಲ್ಲ, ಮೋರಿಯನ್ನು ನೆನೆಯುತ್ತೇವೆ. ಉತ್ತರ ಕರ್ನಾಟಕದ ಕಡೆ ಅಡುಗೆಮನೆಯ ಮೂಲೆಯಲ್ಲಿ ಪಾತ್ರೆ ತೊಳೆಯುವ ಜಾಗವೂ ಬಚ್ಚಲೇ. ಹಳೇ ಮನೆಗಳಲ್ಲಿ ಹಂಡೆ ಒಲೆ ಇರುವ ಬಚ್ಚಲು ಮನೆಯೊಳಗೆ, ಕಕ್ಕಸು ಮಾತ್ರ ಹಿತ್ತಲಿನ ಆ ತುದಿಯಲ್ಲಿ. ಎರಡೂ ಒಂದೇ ಗೋಡೆಯೊಳಗೆ ಇರಲೇ ಇಲ್ಲ, ಒಂದೇ ಹೆಸರೂ ಹುಟ್ಟಲಿಲ್ಲ. ಬೆಂಗಳೂರಿನಲ್ಲಿ ಈಗ ಎರಡನ್ನೂ 'ಬಾತ್‌ರೂಮ್' ನುಂಗಿಕೊಂಡಿದೆ. 'ಬಾತ್‌ರೂಮಿಗೆ ಹೋಗಿ ಬರ್ತೀನಿ' ಅಂದವರು ಸ್ನಾನಕ್ಕೆ ಹೋಗುವುದಿಲ್ಲ ಅಲ್ವಾ?

ಸದ್ಯಕ್ಕೆ ನಾನು ಹೀಗೆ ಮಾಡಿದ್ದೇನೆ: ಇಡೀ ಕೋಣೆಗೆ 'ಬಾತ್‌ರೂಮ್', ನೆಲಕ್ಕೂ ಅಲ್ಲಿಂದ ಹರಿಯುವ ನೀರಿಗೂ 'ಬಚ್ಚಲು', ಸೀಟಿಗೂ ಅದರ ತೊಟ್ಟಿಗೂ 'ಕಕ್ಕಸು'. ಕಕ್ಕಸು ಒರಟಾಯಿತು, ಶೌಚಾಲಯ ಅನ್ನಿ ಅಂತ ಒಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಆಲಯ ಅಂದರೆ ಒಂದು ಕಟ್ಟಡ ಕಣ್ಮುಂದೆ ಬರುತ್ತದೆ. ಮೂರಡಿ ಡಬ್ಬದೊಳಗಿನ ಸೀಟಿಗೆ ಅದು ಹೊಂದುವುದಿಲ್ಲ. ಕಕ್ಕಸು ಡಚ್ಚರ ಮಾತಿನಿಂದ ಬಂದದ್ದು ಅಂತ ಬಲ್ಲವರು ಹೇಳುತ್ತಾರೆ. ಎಲ್ಲಿಂದಲೇ ಬಂದಿರಲಿ, ನಮ್ಮ ಕಡೆಯ ಪ್ಲಂಬರ್‌ಗೆ 'ಕಕ್ಕಸು ಪೈಪು, ಬಚ್ಚಲು ಪೈಪು' ಅಂದರೆ ಮರುಪ್ರಶ್ನೆ ಇಲ್ಲ. ಧಾರವಾಡ, ವಿಜಯಪುರದ ಕಡೆಯವರಿಗೆ 'ಸಂಡಾಸ' ಅಂತ ಬರೆದುಕೊಳ್ಳಿ ಅಂತ ಬದಿಯಲ್ಲಿ ಸೇರಿಸಬಹುದು.

ಇನ್ನು ನೀರು. ಇದೇ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು. ಅಲ್ಲಿಯವರು ಗಾಡಿಯ ನೀರನ್ನು ಮೂರು ಮಾಡುತ್ತಾರೆ. ತುಂಬಿಕೊಂಡ ಒಳ್ಳೆಯ ನೀರು ಒಂದು. ಸ್ನಾನ ಮಾಡಿ, ಪಾತ್ರೆ ತೊಳೆದು ಬಿಟ್ಟ ನೀರು ಎರಡನೆಯದು, ಅದಕ್ಕೆ ಬೂದು ಬಣ್ಣದ ಹೆಸರು. ಕಕ್ಕಸಿನದು ಮೂರನೆಯದು, ಅದಕ್ಕೆ ಕಪ್ಪು ಬಣ್ಣದ ಹೆಸರು. 'ಬೂದು ನೀರು' ಅನ್ನುವುದು ನಮ್ಮಲ್ಲೂ ಈಗ ಬಂದಿದೆ. ಗ್ರಾಮ ಪಂಚಾಯಿತಿಗಳಲ್ಲಿ 'ಬೂದು ನೀರು ನಿರ್ವಹಣೆ' ಅಂತ ಬೋರ್ಡು ಕಾಣುತ್ತದೆ. ಆದರೆ ಅದೇ ಜಾಡು ಹಿಡಿದು ಕಕ್ಕಸಿನದ್ದನ್ನು 'ಕಪ್ಪು ನೀರು', 'ಕರಿನೀರು' ಅಂದರೆ ಏನಾಗುತ್ತದೆ ನೋಡಿ. ಕನ್ನಡದಲ್ಲಿ ಕರಿನೀರು ಅಂದರೆ ಅಂಡಮಾನ್, ಕರಿನೀರಿನ ಶಿಕ್ಷೆ. ಆ ಮಾತಿಗೆ ಒಂದು ಇತಿಹಾಸ ಅಂಟಿಕೊಂಡಿದೆ. ಅದನ್ನು ತಂದು ಟಾಯ್ಲೆಟ್ ಟ್ಯಾಂಕಿನ ಮೇಲೆ ಬರೆಯಬಾರದು.

ಬಣ್ಣದ ಹೆಸರು ನಮಗೆ ಬೇಕಾಗಿಯೂ ಇಲ್ಲ. 'ಬಚ್ಚಲ ನೀರು' ಅನ್ನುವ ಮಾತು ಮೊದಲಿನಿಂದ ಇದೆ. ಹಿತ್ತಲಿನ ಬಾಳೆಗೆ, ಕೆಸುವಿಗೆ, ತೆಂಗಿಗೆ ಬಿಡುತ್ತಿದ್ದದ್ದು ಅದನ್ನೇ. ಉದ್ಯೋಗ ಖಾತ್ರಿಯಲ್ಲಿ ಮನೆಮನೆಗೆ ತೋಡಿಸುವ ಇಂಗುಗುಂಡಿಗೂ 'ಬಚ್ಚಲು ಗುಂಡಿ' ಅಂತಲೇ ಹೆಸರು. ಬೂದು ನೀರು ಅಂದರೆ ವಿವರಿಸಬೇಕು, ಬಚ್ಚಲ ನೀರು ಅಂದರೆ ವಿವರಿಸಬೇಕಾಗಿಲ್ಲ.

ಒಂದು ತೊಡಕು ಮಾತ್ರ ಉಳಿಯುತ್ತದೆ. ಗಾಡಿಯಲ್ಲಿ ಸಿಂಕಿನ ನೀರೂ ಅದೇ ಟ್ಯಾಂಕಿಗೆ ಬೀಳುತ್ತದೆ. ನಮ್ಮ ಮಾತಿನಲ್ಲಿ ಅದು ಬೇರೆ. ಪಾತ್ರೆ ತೊಳೆದದ್ದು ಮುಸುರೆ ನೀರು. ಅದರಲ್ಲಿ ಅನ್ನದ ಅಗುಳು, ಗಂಜಿ ಇದ್ದರೆ ಕಲಗಚ್ಚಿನ ಬಾನಿಗೆ ಹೋಗುತ್ತಿತ್ತು, ಹಸು ಕುಡಿಯುತ್ತಿತ್ತು. ಬಚ್ಚಲ ನೀರು ಗಿಡಕ್ಕೆ, ಮುಸುರೆ ನೀರು ಹಸುವಿಗೆ. ಈ ಭೇದ ಗಾಡಿಯಲ್ಲೂ ಕೆಲಸಕ್ಕೆ ಬರುತ್ತದೆ. ಬಳಸಿದ ನೀರಿನ ಟ್ಯಾಂಕು ಬೇಗ ನಾರುವುದು ಸೋಪಿನಿಂದ ಅಲ್ಲ, ಜಿಡ್ಡು ಮತ್ತು ಅಗುಳಿನಿಂದ. ಮುಸುರೆ ಬೇರೆ ತೆಗೆದು, ತಟ್ಟೆಯನ್ನು ಒರೆಸಿ ತೊಳೆದರೆ ವಾಸನೆ ಎಷ್ಟೋ ಕಡಿಮೆ. ಆದ್ದರಿಂದ ಟಿಪ್ಪಣಿಯಲ್ಲಿ 'ಬಚ್ಚಲ ನೀರಿನ ಟ್ಯಾಂಕು, ಮುಸುರೆ ಬಿಡಬೇಡಿ' ಅಂತ ಬರೆದಿದ್ದೇನೆ. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒಂದು ಪ್ಯಾರಾ ಬೇಕಾಗಿತ್ತು.

ಈಗ ಸಂಪು. ಇದರಲ್ಲಿ ನಿಜವಾದ ಅಪಾಯ ಇದೆ. ಗಾಡಿಯ ನೆಲ ತಗ್ಗು. ಶವರಿನ ನೀರು ತಾನಾಗಿ ಟ್ಯಾಂಕಿಗೆ ಹರಿಯದಿದ್ದರೆ ಕೆಳಗೊಂದು ಚಿಕ್ಕ ಪೆಟ್ಟಿಗೆ ಇಡುತ್ತಾರೆ. ಕೊಳೆ ನೀರು ಅದರಲ್ಲಿ ಕೂಡುತ್ತದೆ, ಒಂದು ಪಂಪು ಅದನ್ನು ಎತ್ತಿ ದೊಡ್ಡ ಟ್ಯಾಂಕಿಗೆ ತಳ್ಳುತ್ತದೆ. ಆ ಪೆಟ್ಟಿಗೆಗೆ ಅವರು 'ಶವರ್ ಸಂಪ್' ಅನ್ನುತ್ತಾರೆ. ಬೆಂಗಳೂರಿನಲ್ಲಿ ಸಂಪು ಅಂದರೆ ಏನು? ಕಾವೇರಿ ನೀರು ಬಂದು ಬೀಳುವ ತೊಟ್ಟಿ. ಟ್ಯಾಂಕರ್‌ನವನು ಪೈಪು ಬಿಡುವ ತೊಟ್ಟಿ. 'ಸಂಪು ತುಂಬಿತಾ?' ಅಂತ ಕೇಳುವುದು ಕುಡಿಯುವ ನೀರಿನ ಬಗ್ಗೆ. ಅಲ್ಲಿ ಕೊಳೆ ನೀರಿನ ಗುಂಡಿಯಾದದ್ದು ಇಲ್ಲಿ ಮನೆಯ ಪ್ರಾಣ. ಬೆಂಗಳೂರಿನ ಪ್ಲಂಬರ್ ಕೈಗೆ 'ಸಂಪು' ಅಂತ ಬರೆದ ನಕ್ಷೆ ಕೊಟ್ಟರೆ ಅವನು ಒಳ್ಳೆಯ ನೀರಿನ ಪೈಪನ್ನೇ ತಂದು ಅದಕ್ಕೆ ಜೋಡಿಸುತ್ತಾನೆ, ಅದರಲ್ಲಿ ಅವನ ತಪ್ಪೂ ಇರುವುದಿಲ್ಲ.

ಹಾಗಾಗಿ ಆ ಪದವನ್ನು ಕೊಳೆ ನೀರಿನ ಕಡೆಯಿಂದ ಪೂರ್ತಿ ತೆಗೆದಿದ್ದೇನೆ. 'ಬಚ್ಚಲ ಕುಣಿ' ಅಂತ ಹಾಕಿದ್ದೇನೆ, ಚಿಕ್ಕ ಗುಂಡಿ ಅನ್ನುವ ಅರ್ಥದಲ್ಲಿ. ಇದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಹೇಳಿ. ಒಳ್ಳೆಯ ನೀರಿನ ಟ್ಯಾಂಕಿಗೆ 'ಸಂಪು' ಅನ್ನಬಹುದೇ ಅಂತಲೂ ಯೋಚಿಸಿದೆ. ನೆಲದ ಕೆಳಗೇ ಇರುತ್ತದೆ, ಪಂಪಿನಿಂದಲೇ ಎತ್ತಬೇಕು, ಹೊಂದುತ್ತದೆ. ಆದರೆ ಇಂಗ್ಲಿಷ್ ನಕ್ಷೆಯನ್ನೂ ಪಕ್ಕದಲ್ಲಿ ಇಟ್ಟುಕೊಂಡು ಓದುವವರಿಗೆ ಗೊಂದಲ ಜಾಸ್ತಿಯಾಗುತ್ತದೆ. 'ಕುಡಿಯುವ ನೀರಿನ ಟ್ಯಾಂಕು' ಅಂತಲೇ ಬಿಟ್ಟೆ.

ಇಳಿಜಾರಿಗೆ ಪದ ಹುಡುಕಬೇಕಾಗಿ ಬರಲಿಲ್ಲ. ಗಾರೆಯವರೂ ಪ್ಲಂಬರುಗಳೂ ದಿನಾ ಆಡುವ 'ವಾಟ' ಇದೆಯಲ್ಲ. ಪೈಪಿಗೆ ಅಡಿಗೆ ಕಾಲು ಇಂಚು ವಾಟ ಬೇಕು ಅಂದರೆ ಮುಗಿಯಿತು. ವೆಲ್ಡಿಂಗ್ ಶೆಡ್ಡಿನಲ್ಲಿ ಪ್ಲಂಬರ್ ಇದನ್ನು ನೋಡಿದ ರೀತಿ ಚೆನ್ನಾಗಿತ್ತು. ಬಚ್ಚಲಿನ ನೆಲವಾಗುವ ಫೈಬರ್ ತಟ್ಟೆಯನ್ನು ಫ್ರೇಮಿನ ಮೇಲೆ ಕೂರಿಸಿ, ರಸಮಟ್ಟ ಇಟ್ಟು ನೋಡಿ, ಆಮೇಲೆ ಅದನ್ನೂ ನಂಬದೆ ಅರ್ಧ ಮಗ್ ನೀರನ್ನು ದೂರದ ಮೂಲೆಗೆ ಸುರಿದ. ನೀರು ತೂತಿನ ಕಡೆ ಹೊರಟು, ನಡುವೆ ಸೀಟಿನ ಬುಡದ ಹತ್ತಿರ ಒಂದು ಅಂಗೈಯಷ್ಟು ನಿಂತುಬಿಟ್ಟಿತು. 'ಇಲ್ಲಿ ವಾಟ ಸಾಯ್ತಾ ಇದೆ ಸಾರ್' ಅಂದ. ನೀರು ನಿಲ್ಲುವ ಜಾಗಕ್ಕೆ 'ವಾಟ ಸಾಯುವುದು'! ನಾನು ಮೊದಲ ಸಲ ಕೇಳಿದೆ. ಇದು ಎಲ್ಲ ಕಡೆ ಇದೆಯೋ, ಅವನೊಬ್ಬನ ಮಾತೋ? ನೀವು ಕೇಳಿದ್ದರೆ ದಯವಿಟ್ಟು ಯಾವ ಊರಲ್ಲಿ ಅಂತ ಬರೆಯಿರಿ.

ಗಾಡಿಗೆ ಇನ್ನೊಂದು ಪೇಚು ಇದೆ. ಮನೆ ನಿಂತಲ್ಲೇ ನಿಲ್ಲುತ್ತದೆ, ಗಾಡಿ ನಿಲ್ಲುವ ನೆಲ ದಿನಕ್ಕೊಂದು ಥರ. ನಿಲ್ಲಿಸಿದ ಜಾಗ ವಾಲಿದ್ದರೆ ವಾಟ ಉಲ್ಟಾ. ಹಾಗಾಗಿ ಕೆಲವರು ತಟ್ಟೆಯ ಎರಡು ಮೂಲೆಯಲ್ಲಿ ತೂತು ಇಡುತ್ತಾರೆ.

ವಾಸನೆ ತಡೆಯುವ ಬಗ್ಗುಪೈಪಿನ ಹೆಸರು ನಮ್ಮವರ ಬಾಯಲ್ಲಿ 'ನಾನಿ ಟ್ರ್ಯಾಪು'. ಆ ನಾನಿ ಮರಾಠಿಯ ನ್ಹಾಣಿ, ಅಂದರೆ ಸ್ನಾನದ ಜಾಗ, ನಮ್ಮ ಬಚ್ಚಲೇ. ಮನೆಯ ಟ್ರ್ಯಾಪಿನಲ್ಲಿ ಸುಮಾರು 50 ಮಿಲಿಮೀಟರ್ ನೀರು ಸದಾ ನಿಂತು ಕೆಳಗಿನ ಗಾಳಿಯನ್ನು ತಡೆಯುತ್ತದೆ. ಓಡುವ ಗಾಡಿಯಲ್ಲಿ ಆ ನೀರು ಕುಲುಕಿ ಚೆಲ್ಲುತ್ತದೆ, ವಾಸನೆ ಒಳಗೆ. ಅದಕ್ಕೆ ನೀರಿಲ್ಲದ ಒಂದು ಬಗೆ ಇದೆ. ಒಳಗೆ ರಬ್ಬರಿನ ಎರಡು ತುಟಿ ಇರುತ್ತವೆ. ನೀರು ಬಂದಾಗ ತೆರೆದು, ಆಮೇಲೆ ಅಂಟಿಕೊಳ್ಳುತ್ತವೆ. ಪ್ಲಂಬರ್ ಇದಕ್ಕೆ 'ಎನ್‌ಆರ್‌ವಿ' ಅಂದ. ಅದು ನೀರು ಹಿಂದೆ ಬರದಂತೆ ತಡೆಯುವುದರ ಹೆಸರು, ಇಲ್ಲಿ ತಡೆಯಬೇಕಾದ್ದು ವಾಸನೆ. 'ಕವಾಟ' ಅಂದರೆ ಹೃದಯದ ಪಾಠ ನೆನಪಾಗುತ್ತದೆ. 'ತುಟಿ ಟ್ರ್ಯಾಪು' ಅಂದರೆ ಹೇಗೆ? ನೋಡಿದವರಿಗೆ ಮರೆಯುವುದಿಲ್ಲ ಅನ್ನುವುದು ನನ್ನ ಅನಿಸಿಕೆ.

ಶವರಿಗೆ ಶವರೇ ಸಾಕು. ಅದಕ್ಕೆ ಹೊಸ ಪದ ಕಟ್ಟುವ ಅಗತ್ಯ ನನಗೆ ಕಾಣುವುದಿಲ್ಲ.

ತೂಕದ ವಿಷಯದಲ್ಲಿ ಎತ್ತಿನ ಗಾಡಿಯ ಮಾತು ಕೈಹಿಡಿಯಿತು. ಒಂದು ಲೀಟರ್ ನೀರು ಒಂದು ಕಿಲೋ. 40 ಲೀಟರ್ ಟ್ಯಾಂಕು ಅಂದರೆ 40 ಕಿಲೋ, ಬಳಸಿದ ಮೇಲೆ ಅಷ್ಟೇ ನೀರು ಬಚ್ಚಲ ಟ್ಯಾಂಕಿಗೆ ಹೋಗಿ ಕೂರುತ್ತದೆ. ಬಾತ್‌ರೂಮನ್ನು ಗಾಡಿಯ ಹಿಂದಿನ ಮೂಲೆಯಲ್ಲಿ ಇಟ್ಟು, ಟ್ಯಾಂಕನ್ನೂ ಅದರ ಕೆಳಗೇ ಇಟ್ಟರೆ ಭಾರ ಅಚ್ಚಿನ ಹಿಂದಕ್ಕೆ ಸರಿಯುತ್ತದೆ. ಆಗ ವೇಗದಲ್ಲಿ ಗಾಡಿ ಬಾಲ ಆಡಿಸುತ್ತದೆ, ಕಾರನ್ನೂ ಎಳೆದಾಡುತ್ತದೆ. ಅಮೆರಿಕದವರ ಲೆಕ್ಕದಲ್ಲಿ ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕಾರಿನ ಕೊಂಡಿಯ ಮೇಲೆ ಕೂರಬೇಕು. 500 ಕಿಲೋ ಗಾಡಿಗೆ 50ರಿಂದ 75 ಕಿಲೋ. ಕಾರಿನ ಕೊಂಡಿ ಎಷ್ಟು ತಡೆಯುತ್ತದೆ ಅನ್ನುವುದನ್ನೂ ನೋಡಿಕೊಳ್ಳಬೇಕು. ಅದಕ್ಕೆ ಅವರ ಮಾತಿನಲ್ಲಿ 'ನಾಲಿಗೆಯ ತೂಕ'. ನಮ್ಮ ಗಾಡಿಯವರಿಗೆ ಇದು ಹೊಸದೇನಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರವಾದರೆ ಎತ್ತಿನ ಹೆಗಲು ಸವೆಯುತ್ತದೆ. ನಕ್ಷೆಯಲ್ಲಿ ಕಾರಿಗೆ ಕಟ್ಟುವ ಆ ಉದ್ದ ಕಬ್ಬಿಣಕ್ಕೆ 'ಮೂಕಿ', ಅದರ ಮೇಲಿನ ತೂಕಕ್ಕೆ 'ಮೂಕಿ ಭಾರ' ಅಂತ ಬರೆದೆ. ವೆಲ್ಡರ್ ಮಾಗಡಿ ಕಡೆಯವನು. ಓದಿದವನೇ 'ಹಂಗಾದ್ರೆ ಟ್ಯಾಂಕು ಅಚ್ಚಿನ ಮೇಲೇ ಬರ್ಬೇಕಲ್ಲ' ಅಂದ. ಅದೇ ಬೇಕಾದದ್ದು.

ಕೊನೆಗೆ ಕಕ್ಕಸಿನ ಪೆಟ್ಟಿಗೆ. ಚಿಕ್ಕ ಗಾಡಿಗಳಲ್ಲಿ ಹೆಚ್ಚಾಗಿ ಬಳಸುವುದು ಹೊರಗಿನ ಬಾಗಿಲಿನಿಂದ ಎಳೆದು ತೆಗೆಯುವ ತೊಟ್ಟಿ, 10ರಿಂದ 20 ಲೀಟರಿನದು. ಅದಕ್ಕೆ 'ಕ್ಯಾಸೆಟ್' ಅನ್ನುತ್ತಾರೆ. ನಮ್ಮ ವಯಸ್ಸಿನವರಿಗೆ ಕ್ಯಾಸೆಟ್ ಅಂದರೆ ಹಾಡು. 'ಎಳೆಡಬ್ಬಿ' ಅನ್ನೋಣ ಅಂದರೆ, ಎರಡು ಅಡಿ ಆಚೆ ಅಡುಗೆಕಟ್ಟೆ ಇದೆ, ಡಬ್ಬಿ ಅಂದರೆ ಅಲ್ಲಿ ಬೇಳೆ ಡಬ್ಬಿ, ಊಟದ ಡಬ್ಬಿ. 'ಎಳೆಪೆಟ್ಟಿಗೆ' ಸದ್ಯಕ್ಕೆ ಇಟ್ಟಿದ್ದೇನೆ. ಅಲ್ಲಿಯ ಕ್ಯಾಂಪುಗಳಲ್ಲಿ ಇದನ್ನು ಸುರಿಯಲು 'ಡಂಪ್ ಸ್ಟೇಷನ್' ಅಂತ ಜಾಗ ಇರುತ್ತದೆ. ಇಲ್ಲಿ ಮನೆಯ ಕಕ್ಕಸಿಗೇ ನಿಧಾನವಾಗಿ ಸುರಿದು, ತೊಳೆದು ಇಡಬೇಕು. ಯಾರ ಗಾಡಿಯೋ ಅವರೇ ಸುರಿಯಬೇಕು ಅಂತ ಟಿಪ್ಪಣಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದಿದ್ದೇನೆ. ಕೂಲಿಗೆ ಕರೆದು ಇನ್ನೊಬ್ಬರ ಕೈಗೆ ಕೊಡುವಂಥದ್ದಲ್ಲ.

ಇದೇ ಕಾರಣಕ್ಕೆ ಇನ್ನೊಂದು ಪದದ ಬಗ್ಗೆ ಎಚ್ಚರ ಬೇಕು. ನೀರಿಲ್ಲದೆ ತೆಂಗಿನ ನಾರಿನ ಪುಡಿ, ಮರದ ಹೊಟ್ಟು ಹಾಕಿ ನಡೆಸುವ ಬಗೆಯೂ ಇದೆ. ಮೂತ್ರ ಬೇರೆ ತೆಗೆದು, ಉಳಿದದ್ದನ್ನು ಒಣಗಿಸಿ ಗೊಬ್ಬರಕ್ಕೆ ಬಿಡುವುದು. ಇದನ್ನು 'ಡ್ರೈ ಟಾಯ್ಲೆಟ್' ಅಂತ ಓದಿ ನೇರವಾಗಿ 'ಒಣ ಶೌಚಾಲಯ' ಅಂತ ಇಳಿಸಿದ ಬರಹ ನೋಡಿದೆ. ಒಣ ಶೌಚಾಲಯ ಅಂದರೆ ನಮ್ಮಲ್ಲಿ ಬೇರೆಯದೇ ಅರ್ಥ ಇದೆ. ಮನುಷ್ಯರು ಕೈಯಿಂದ ಬಾಚಿ ತಲೆಯ ಮೇಲೆ ಹೊರಬೇಕಾಗಿದ್ದ ಶೌಚಾಲಯ ಅದು. ಕರ್ನಾಟಕದಲ್ಲಿ 1970ರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. 1993ರ ಕೇಂದ್ರ ಕಾಯ್ದೆ ಒಣ ಶೌಚಾಲಯ ಕಟ್ಟುವುದನ್ನೇ ನಿಷೇಧಿಸಿತು, 2013ರಲ್ಲಿ ಇನ್ನೂ ಬಿಗಿಯಾದ ಕಾಯ್ದೆ ಬಂತು. ಅಷ್ಟು ನೋವು ಹೊತ್ತ ಹೆಸರನ್ನು ರಜೆಗೆ ಹೋಗುವ ಗಾಡಿಯ ಮೇಲೆ ಅಂಟಿಸಲು ನನಗೆ ಮನಸ್ಸಿಲ್ಲ. 'ಗೊಬ್ಬರದ ಕಕ್ಕಸು' ಅಂದರೆ ಅದು ಮಾಡುವ ಕೆಲಸವೂ ತಿಳಿಯುತ್ತದೆ.

ನಿಮ್ಮಿಂದ ತಿಳಿಯಬೇಕಾದದ್ದು ಇಷ್ಟು. 'ಬಚ್ಚಲ ಕುಣಿ'ಗೆ ಬೇರೆ ಮಾತಿದೆಯೇ? ತುಟಿ ಟ್ರ್ಯಾಪು ಒಪ್ಪುತ್ತೀರಾ? ಕರಾವಳಿ, ಮಲೆನಾಡಿನಲ್ಲಿ ಮುಸುರೆ ನೀರಿಗೂ ಬಚ್ಚಲ ನೀರಿಗೂ ಒಟ್ಟಾಗಿ ಹೇಳುವ ಒಂದು ಪದ ಇದೆಯೇ? ದೋಣಿ ಕಟ್ಟುವವರ ಮಾತು ಬಲ್ಲವರು ಇಲ್ಲಿದ್ದರೆ ಮುಖ್ಯವಾಗಿ ಅವರನ್ನು ಕೇಳುತ್ತೇನೆ. ದೋಣಿಯ ತಳದಲ್ಲಿ ಕೂಡುವ ನೀರಿಗೆ, ಅದು ಕೂಡುವ ಜಾಗಕ್ಕೆ ಅವರಲ್ಲಿ ಹೆಸರು ಇದ್ದೇ ಇರಬೇಕು. ಅದು ಸಿಕ್ಕರೆ ಸಂಪಿನ ತೊಡಕು ಅಲ್ಲಿಗೆ ಬಿಡಿಸಿಹೋಗುತ್ತದೆ.